ಎಚ್‌ಐವಿ ಇರುವ ಮಕ್ಕಳ ಗುಳಿಗೆ: ಡಾಕ್ಟರ್‌ಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಮಕ್ಕಳನ್ನು ನೋಡುವ ನಮ್ಮ ಡಾಕ್ಟರ್ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ವಿಷಯ ಒಂದೇ. ಎಚ್‌ಐವಿ ಇರುವ ಮಕ್ಕಳು, ಹರೆಯದವರು ಗುಳಿಗೆ ಬಿಡದಂತೆ ನೋಡಿಕೊಳ್ಳುವುದು ಹೇಗೆ. ಹೆಸರು, ಓಣಿ, ಶಾಲೆ, ರಿಪೋರ್ಟಿನ ಫೋಟೋ ಯಾವುದೂ ಬೇಡ. ಯಾವ ಕಡೆಯವರು, ಮಗುವಿಗೆ ಏನಾಗಬೇಕು, ಅಷ್ಟು ಸಾಕು.

ಬೀದರ್ ತಾಯಿ: ಮೇಡಂ, ಮಗನಿಗೆ 9 ವರ್ಷ. ನಿನ್ನೆ ಮದುವೆಗೆ ಹೋಗಿದ್ದೆವು. ರಾತ್ರಿ ಗುಳಿಗೆ ಮರೆತುಹೋಯಿತು. ಇವತ್ತು ಎರಡು ಕೊಡಬೇಕಾ?

ಡಾಕ್ಟರ್: ಎರಡು ಒಟ್ಟಿಗೆ ಬೇಡ. ದಿನಕ್ಕೆ ಒಂದೇ ಸಲದ ಗುಳಿಗೆಯಾದರೆ ನೆನಪಾದ ತಕ್ಷಣ ಕೊಡಿ. ಮುಂದಿನದಕ್ಕೆ ನಾಲ್ಕು ಗಂಟೆಯೂ ಇಲ್ಲ ಅಂದರೆ ತಪ್ಪಿದ್ದನ್ನು ಬಿಟ್ಟುಬಿಡಿ, ಮುಂದಿನದನ್ನು ಸಮಯಕ್ಕೆ ಕೊಡಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಕೊಡಿ.

ಯಾದಗಿರಿ ಕಾಕಾ: ಮೇಡಂ, ಅಣ್ಣನ ಮಗ, 14 ವರ್ಷ. ಹುಟ್ಟಿನಿಂದಲೇ ಇದೆ. ಅಣ್ಣ, ವೈನಿ ಇಬ್ಬರೂ ಇಲ್ಲ. ನಾನು ಮತ್ತು ಮುತ್ಯಾ ಸಾಕುತ್ತಿದ್ದೇವೆ. ಚಿಕ್ಕವನಿದ್ದಾಗ ಕೊಟ್ಟಿದ್ದನ್ನು ಸುಮ್ನೆ ನುಂಗುತ್ತಿದ್ದ. ರಕ್ತ ಕಡಿಮೆ ಇದೆ, ಅದಕ್ಕೆ ಗುಳಿಗೆ ಅಂತ ಹೇಳಿದ್ದೇವೆ. ಈಗ ಕೆಲವು ತಿಂಗಳಿಂದ ಬರೀ ಹಠ. ಮೊನ್ನೆ ಹಿತ್ತಲಲ್ಲಿ ತೊಗರಿ ಕಟ್ಟಿಗೆ ಎತ್ತಿದರೆ ಅದರ ಕೆಳಗೆ ಗುಳಿಗೆಗಳು ಬಿದ್ದಿದ್ದವು. ಹೋದ ವರ್ಷ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಲೆಕ್ಕ, ಏನೂ ಕಂಡಿರಲಿಲ್ಲ. ಈಗ 18 ಸಾವಿರ ಬಂದಿದೆ. ಬೈದು ಆಯಿತು, ಹೊಡೆದೂ ಆಯಿತು. ದಿನಾ ಬಾಯಿ ತೆರೆಸಿ ನೋಡುತ್ತೇನೆ. ಗುಳಿಗೆ ಕೊಡುವ ಎಚ್‌ಐವಿ ಸೆಂಟರ್‌ನಲ್ಲಿ ನಮಗೇ ಬೈಯುತ್ತಾರೆ ಅಂತ ಈ ಸಲ ಅಲ್ಲಿಗೆ ಹೋಗುವ ತಾರೀಖು ಬಿಟ್ಟುಬಿಡೋಣ ಅನಿಸುತ್ತಿದೆ. ಏನು ಮಾಡಲಿ?

ಡಾಕ್ಟರ್: ಕಾಕಾ, ತಾರೀಖು ಬಿಡಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

18 ಸಾವಿರ ಅಂದರೆ ವೈರಸ್ ಮತ್ತೆ ಹೆಚ್ಚಾಗುತ್ತಿದೆ. ಸಾವಿರ ದಾಟಿದರೇ ನಾವು ಎಚ್ಚರ ಆಗುತ್ತೇವೆ. ಆದರೆ ಇದರಿಂದ ಔಷಧಿ ಸೋತಿತು ಅಂತ ಅಲ್ಲ. ಗುಳಿಗೆ ಹೊಟ್ಟೆಗೇ ಹೋಗಿಲ್ಲ, ಕಟ್ಟಿಗೆ ಕೆಳಗೆ ಹೋಗಿದೆ. ಇದನ್ನು ಸೆಂಟರ್‌ನಲ್ಲಿ ಇದ್ದ ಹಾಗೇ ಹೇಳಿ. "ದಿನಾ ತಗೊಂಡಿದ್ದಾನೆ" ಅಂತ ಹೇಳಿದರೆ ಔಷಧಿಯೇ ಕೆಲಸ ಮಾಡುತ್ತಿಲ್ಲ ಅಂತ ಅವರು ಅಂದುಕೊಳ್ಳಬಹುದು. ಆಗ ಬೇರೆ ಔಷಧಿಗೆ ಹಾಕುತ್ತಾರೆ. ಈ ಹುಡುಗ ಇನ್ನೂ ಐವತ್ತು ಅರವತ್ತು ವರ್ಷ ಬಾಳಬೇಕು. ಇರುವ ಔಷಧಿಗಳೇ ಕೆಲವು. ಒಂದನ್ನು ಸುಮ್ನೆ ಕಳೆದುಕೊಳ್ಳುವುದು ಬೇಡ. ನಿಜ ಹೇಳಿದರೆ ತಿಂಗಳಿಗೊಮ್ಮೆ ಕರೆದು ಕೂರಿಸಿ ಮಾತಾಡುತ್ತಾರೆ. ಗುಳಿಗೆ ಸರಿಯಾಗಿ ತಗೊಂಡು ಮೂರು ತಿಂಗಳಾದ ಮೇಲೆ ವೈರಲ್ ಲೋಡ್ ಮತ್ತೆ ನೋಡುತ್ತಾರೆ. ಆಗಲೂ ಸಾವಿರ ದಾಟಿದ್ದರೆ ಮಾತ್ರ ಬದಲಿಸುವ ಯೋಚನೆ.

ಈಗ ಹುಡುಗನ ವಿಷಯ. ಇವನಿಗೆ 14. ಓದಲು ಬರುತ್ತದೆ. ಸೆಂಟರ್‌ನ ಗೋಡೆಯ ಮೇಲೆ ಎಲ್ಲವೂ ಕನ್ನಡದಲ್ಲೇ ಬರೆದಿದೆ. ಡಬ್ಬಿಯ ಮೇಲಿನ ಹೆಸರನ್ನು ಫೋನಿನಲ್ಲಿ ಹೊಡೆದರೆ ಮುಗಿಯಿತು. ನನ್ನ ಅನುಭವದಲ್ಲಿ ಈ ವಯಸ್ಸಿನ ಬಹಳಷ್ಟು ಮಕ್ಕಳಿಗೆ ಆಗಲೇ ಗೊತ್ತಿರುತ್ತದೆ. ಮನೆಯವರು ಮುಚ್ಚಿಡುತ್ತಿದ್ದಾರೆ ಅನ್ನುವುದೂ ಗೊತ್ತಿರುತ್ತದೆ. ಹೇಳಬಾರದಷ್ಟು ಕೆಟ್ಟದ್ದು ನನ್ನೊಳಗಿದೆ ಅಂತ ಆ ಮಗು ಅಂದುಕೊಳ್ಳುತ್ತದೆ. ನೀವು ಹಠ ಅನ್ನುವುದರ ಒಳಗೆ ಇದೇ ಇದೆ. 6ರಿಂದ 12 ವರ್ಷದೊಳಗೆ ಹಂತ ಹಂತವಾಗಿ ಹೇಳಿ ಮುಗಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ. ತಡವಾಗಿದೆ, ಆದರೂ ಹೇಳಲೇಬೇಕು.

ಜಗಳದ ದಿನ ಬೇಡ, ಪರೀಕ್ಷೆಯ ವಾರ ಬೇಡ. ಸೆಂಟರ್‌ನ ಆಪ್ತಸಮಾಲೋಚಕರ ಜೊತೆ ಮೊದಲು ನೀವೊಬ್ಬರೇ ಮಾತಾಡಿ, ಆಮೇಲೆ ಅವನನ್ನು ಕೂರಿಸಿಕೊಳ್ಳಿ. ಮುತ್ಯಾನ ಮೇಲೆ ಅವನಿಗೆ ಜಾಸ್ತಿ ನಂಬಿಕೆ ಇದ್ದರೆ ಮುತ್ಯಾನೂ ಇರಲಿ. ಮೊದಲು ಅವನನ್ನೇ ಕೇಳಿ: "ಈ ಗುಳಿಗೆ ಯಾತಕ್ಕೆ ಅಂತ ನೀನು ಅಂದುಕೊಂಡಿದ್ದೀ?" ಅವನು ಎಲ್ಲಿದ್ದಾನೋ ಅಲ್ಲಿಂದ ಶುರು ಮಾಡಿ. ರೋಗದ ಹೆಸರನ್ನು ಬಾಯಿಬಿಟ್ಟು ಹೇಳಿ. ಇದು ಹುಟ್ಟುವಾಗಲೇ ಬಂದದ್ದು, ನಿನ್ನ ತಪ್ಪಿಲ್ಲ ಅಂತ ಹೇಳಿ. ಅಪ್ಪ ಅವ್ವನ ಬಗ್ಗೆ ಒಂದು ಕೆಟ್ಟ ಮಾತೂ ಬರಬಾರದು. ಗುಳಿಗೆ ತಗೊಂಡರೆ ಓದು, ನೌಕರಿ, ಮದುವೆ, ಮಕ್ಕಳು ಎಲ್ಲವೂ ಆಗುತ್ತದೆ ಅಂತ ಹೇಳಿ. ಅದು ಸಮಾಧಾನಕ್ಕೆ ಹೇಳುವ ಮಾತಲ್ಲ, ನಿಜ. ಮನೆಯಲ್ಲಿ ಯಾರಿಗೆ ಗೊತ್ತಿದೆ, ಯಾರ ಹತ್ತಿರ ಮಾತಾಡಬಹುದು ಅನ್ನುವುದನ್ನೂ ಹೇಳಿಬಿಡಿ.

ಆಮೇಲೆ ಸಿಟ್ಟು ಬರುತ್ತದೆ, ಕೆಲವು ವಾರ ಮಾತು ಬಿಡಬಹುದು. ಸಾಯುವ ಮಾತು ಬಂದರೆ ಮಾತ್ರ ಅವತ್ತೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಅವನನ್ನು ಒಬ್ಬನೇ ಬಿಡಬೇಡಿ.

ಬಾಯಿ ತೆರೆಸಿ ನೋಡುವುದನ್ನು ಇವತ್ತಿಗೇ ನಿಲ್ಲಿಸಿ. ಹೊಡೆಯುವುದನ್ನೂ. "ತಗೊಂಡೆಯಾ?" ಅಂತ ಕೇಳಿದರೆ ಹೂಂ ಅನ್ನುತ್ತಾನೆ. "ಈ ವಾರ ಯಾವ ದಿನ ತಪ್ಪಿತು, ಯಾಕೆ ತಪ್ಪಿತು?" ಅಂತ ಕೇಳಿ. ತಪ್ಪಿದ್ದನ್ನು ಹೇಳಿದಾಗ ಬೈಯಬೇಡಿ. ಬೈದರೆ ಮುಂದೆ ಹೇಳುವುದಿಲ್ಲ. ಸಮಯ ಅವನೇ ಆರಿಸಲಿ.

ಇನ್ನು ನೀವು ಹೇಳಿ. ತೂಕ ಎಷ್ಟು? ಜ್ವರ, ಕೆಮ್ಮು ಇದೆಯಾ?

ಸೇಡಂ ಅಣ್ಣ: *ಫಾರ್ವರ್ಡ್ ಬಂದದ್ದು* ಅಮೃತಬಳ್ಳಿ ರಸ, ಕಾಡುಜೇನು, ಆಡಿನ ಹಾಲು, 48 ದಿನ ಖಾಲಿ ಹೊಟ್ಟೆಯಲ್ಲಿ. ಎಚ್‌ಐವಿ ಬೇರು ಸಮೇತ ಹೋಗುತ್ತದೆ. ಇಂಗ್ಲಿಷ್ ಗುಳಿಗೆ ಆ ದಿನಗಳಲ್ಲಿ ನಿಲ್ಲಿಸಬೇಕು. ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಯಾರೂ ನಿಲ್ಲಿಸಬೇಡಿ. ಗುಳಿಗೆ ಬಿಟ್ಟ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏರುತ್ತದೆ. ಆದರೆ ಮಗು ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ, ಓಡಾಡುತ್ತದೆ. ಅದನ್ನು ನೋಡಿಯೇ ಜನ ರಸ ಕೆಲಸ ಮಾಡಿತು ಅಂತ ನಂಬುತ್ತಾರೆ. ಏಡ್ಸ್ ಗುಣಪಡಿಸುತ್ತೇವೆ ಅಂತ ಯಾವ ಔಷಧಿಯವರೂ ಹೇಳಿಕೊಳ್ಳುವಂತಿಲ್ಲ ಅಂತ ದೇಶದ ಔಷಧಿ ನಿಯಮದಲ್ಲೇ ಇದೆ. ಅಣ್ಣ, ಇದನ್ನು ಅಳಿಸಿ.

ಸೇಡಂ ಅಣ್ಣ: ಒಳ್ಳೆಯದಾಗಲಿ ಅಂತ ಹಾಕಿದೆ ಮೇಡಂ. ನಮ್ಮ ಹಿರಿಯರ ಔಷಧಿಗೆ ಇಷ್ಟು ತಾತ್ಸಾರ ಯಾಕೆ?

ಕಲಬುರಗಿ ಹುಡುಗಿ, 21: ಅಣ್ಣಾ, ನಾನು ಹುಟ್ಟಿನಿಂದ ಎಚ್‌ಐವಿ ಜೊತೆ ಬದುಕುತ್ತಿರುವವಳು. ಚಿಕ್ಕವಳಿದ್ದಾಗ ಯಾರೋ ಹೇಳಿದರು ಅಂತ ನಮ್ಮ ಆಯಿ ಗುಳಿಗೆ ಬಿಡಿಸಿ ರಸ ಕುಡಿಸಿದಳು. ನ್ಯುಮೋನಿಯಾ ಆಗಿ ದವಾಖಾನೆ ಸೇರಿದೆ. ನಿಮ್ಮ ಹತ್ತು ಜನರಲ್ಲಿ ಒಂದು ಮಗು ಇರಬಹುದು. ಯೋಚನೆ ಮಾಡಿ.

ಸೇಡಂ ಅಣ್ಣ: ಅದು ಸರಿಯಾದ ಪಥ್ಯ ಮಾಡದೆ ಆಗಿರಬಹುದು ತಂಗಿ.

ಕಲಬುರಗಿ ಹುಡುಗಿ, 21: ಪಥ್ಯದ ಮಾತು ನನಗೆ ಹೇಳಬೇಡಿ.

ಯಾದಗಿರಿ ಕಾಕಾ: ಮೇಡಂ, ತೂಕ 34 ಕಿಲೋ. ಹೋದ ಸಲ 36 ಇತ್ತು. ಕೆಮ್ಮು ಇದೆ, ಎರಡು ಮೂರು ವಾರದಿಂದ. ತೊಗರಿ ರಾಶಿಯ ಧೂಳು ಅಂತ ಬಿಟ್ಟಿದ್ದೆವು.

ಡಾಕ್ಟರ್: ಕಾಕಾ, ಹಾಗಾದರೆ ತಾರೀಖಿಗೆ ಕಾಯಬೇಡಿ. ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ. ವೈರಲ್ ಲೋಡ್ ಏರಿದೆ, ತೂಕ ಇಳಿದಿದೆ, ಕೆಮ್ಮು ಇದೆ. ಟಿಬಿ ಇಲ್ಲ ಅಂತ ಖಾತ್ರಿ ಆಗುವವರೆಗೆ ಧೂಳು ಅಂತ ಬಿಡುವ ಹಾಗಿಲ್ಲ. ಕಫ ಮತ್ತು ಎಕ್ಸರೇ ಪರೀಕ್ಷೆ ಮಾಡುತ್ತಾರೆ. ಸರಕಾರಿ ದವಾಖಾನೆಯಲ್ಲಿ ದುಡ್ಡಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಕೆಮ್ಮಿದ್ದರೆ ಅವರನ್ನೂ ತೋರಿಸಿ, ಮುತ್ಯಾನನ್ನು ಮೊದಲು.

ಟಿಬಿ ಅಂತ ಬಂದರೆ ಹೆದರಬೇಡಿ, ಅದು ಗುಣವಾಗುತ್ತದೆ. ಆದರೆ ಒಂದು ವಿಷಯ ನೆನಪಿರಲಿ. ಟಿಬಿಗೆ ಕೊಡುವ ರಿಫಾಂಪಿಸಿನ್, ಎಚ್‌ಐವಿ ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್‌ನ ಬಲ ಕಡಿಮೆ ಮಾಡುತ್ತದೆ. ಅದಕ್ಕೆ ಆ ಅವಧಿಯಲ್ಲಿ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಕೊಡುತ್ತಾರೆ. ಎರಡು ಕಡೆ ಚೀಟಿ ಇದ್ದರೆ ಎರಡೂ ಕಡೆಯ ಡಾಕ್ಟರಿಗೆ ಎರಡನ್ನೂ ತೋರಿಸಿ. ನಾಳೆ ಸಂಜೆ ಇಲ್ಲಿ ಏನಾಯಿತು ಅಂತ ಬರೆಯಿರಿ.

ಚಿಂಚೋಳಿ ಆಯಿ: ನಮ್ಮದು ತಗಡಿನ ಮನೆ. ಬೇಸಿಗೆಯಲ್ಲಿ ಒಳಗೆ ಕೂರಲೂ ಆಗುವುದಿಲ್ಲ. ಗುಳಿಗೆ ಕೆಡುತ್ತವಾ? ಫ್ರಿಜ್ ಇಲ್ಲ.

ಡಾಕ್ಟರ್: ಆಯಿ, ಫ್ರಿಜ್ ಬೇಕಿಲ್ಲ. 30 ಡಿಗ್ರಿಯೊಳಗೆ ಇಡಿ ಅಂತ ಡಬ್ಬಿಯ ಮೇಲೆ ಇರುತ್ತದೆ, ನಮ್ಮ ಬೇಸಿಗೆ 40 ದಾಟುತ್ತದೆ, ಅದಕ್ಕೆ ನಿಮ್ಮ ಚಿಂತೆ ಸರಿಯಾದದ್ದೇ. ತಗಡಿಗೆ ಹತ್ತಿರ, ಅಟ್ಟದ ಮೇಲೆ, ಒಲೆ ಹತ್ತಿರ ಇಡಬೇಡಿ. ನೆಲದ ಕಡೆ ತಂಪಾದ ಮೂಲೆಯಲ್ಲಿ, ನೀರಿನ ಮಡಕೆ ಪಕ್ಕ ಇಡಿ. ಆದರೆ ನೀರು ತಾಗಬಾರದು, ಗಟ್ಟಿ ಮುಚ್ಚಳದ ಒಣ ಡಬ್ಬದೊಳಗೆ ಇರಲಿ. ಒಳಗಿನ ಸಣ್ಣ ಪುಡಿಕೆ ತೇವ ಹೀರುವುದಕ್ಕೆ, ಅದನ್ನು ಎಸೆಯಬೇಡಿ.

ಬೀದರ್ ಅಮ್ಮಿ: ಮಗಳಿಗೆ 16. ರಂಜಾನ್‌ನಲ್ಲಿ ರೋಜಾ ಇಡುತ್ತೇನೆ ಅನ್ನುತ್ತಾಳೆ.

ಡಾಕ್ಟರ್: ದಿನಕ್ಕೆ ಒಂದೇ ಸಲದ ಗುಳಿಗೆ, ತೂಕ ಸರಿ ಇದೆ, ಬೇರೆ ಕಾಯಿಲೆ ಇಲ್ಲ ಅಂದರೆ ಇಫ್ತಾರ್ ಆದ ಮೇಲೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಲಿ. ಇಡೀ ತಿಂಗಳು ಅದೇ ಹೊತ್ತು. ಟಿಬಿ ಔಷಧಿ ನಡೆಯುತ್ತಿದ್ದರೆ ರೋಜಾ ಬೇಡ.

ಹುಮನಾಬಾದ್ ಅಪ್ಪ: ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡಬೇಕಾ?

ಡಾಕ್ಟರ್: ಬೇಡ. ಮೇಲೆ ಬರೆದಿದ್ದೇನೆ.

ಶಹಾಪುರ ತಾಯಿ: ಮಗಳಿಗೆ 12. ವಸತಿ ಶಾಲೆಯಲ್ಲಿ ಸೀಟು ಸಿಕ್ಕಿದೆ. ಅವಳಿಗೆ ಎಲ್ಲಾ ಗೊತ್ತು, ಅವಳೇ ಗುಳಿಗೆ ತಗೊಳ್ಳುತ್ತಾಳೆ. ಹಿಂದೆ ಒಂದು ಹಾಸ್ಟೆಲ್‌ನಲ್ಲಿ ಡಬ್ಬಿ ನೋಡಿ, ಏನೇನೋ ಕೇಳಿ, ಮಗುವನ್ನು ವಾಪಸ್ ಕಳಿಸಿದ್ದರು. ಮತ್ತೆ ಹಾಗಾಗಬಾರದು. ಶಾಲೆಯಲ್ಲಿ ಕಬ್ಬಿಣದ ನೀಲಿ ಗುಳಿಗೆಯನ್ನೂ ಕೊಡುತ್ತಾರೆ, ಅದು ನಡೆಯುತ್ತದಾ?

ಡಾಕ್ಟರ್: ಒಳ್ಳೆಯ ಪ್ರಶ್ನೆ, ಯಾರೂ ಕೇಳುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ, ಅಸಿಡಿಟಿ ಔಷಧಿ ಇವು ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ತಡೆಯುತ್ತವೆ. ಡೊಲುಟೆಗ್ರಾವಿರ್ ಗುಳಿಗೆ ಇವಕ್ಕಿಂತ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆ ಆಮೇಲೆ ಇರಲಿ. ಶಾಲೆಯದು ಮಧ್ಯಾಹ್ನದ ಊಟಕ್ಕೆ, ಇವಳದು ರಾತ್ರಿ 9ಕ್ಕೆ, ಹಾಗಿದ್ದರೆ ತೊಂದರೆ ಇಲ್ಲ. ಕಬ್ಬಿಣದ ಗುಳಿಗೆ ಬಿಡಿಸಬೇಡಿ. ಡಬ್ಬಿಯ ಲೇಬಲ್ ಕಿತ್ತು, ಪೆನ್ನಿನಲ್ಲಿ ಒಂದು ಗುರುತು ಹಾಕಿ, ಅದೇ ಡಬ್ಬಿಯಲ್ಲಿ ಕಳಿಸಿ. ರಜೆಗೆ ಬಂದಾಗ ಸೆಂಟರ್ ತಾರೀಖು ಬರುವಂತೆ ಮೊದಲೇ ಕೇಳಿಕೊಳ್ಳಿ.

ಆಳಂದ ಶಿಕ್ಷಕ: ಮೇಡಂ, ಲೇಬಲ್ ಕಿತ್ತು ಕಳಿಸಿ ಅನ್ನುವುದು ಸರಿಯಾ? ನೂರಾರು ಮಕ್ಕಳ ಜವಾಬ್ದಾರಿ ನಮ್ಮ ಮೇಲೆ ಇದೆ. ನಮಗೆ ಹೇಳಲೇಬೇಕು.

ಶಹಾಪುರ ತಾಯಿ: ಹೇಳಿದ್ದಕ್ಕೇ ಸರ್ ವಾಪಸ್ ಕಳಿಸಿದ್ದು.

ಆಳಂದ ಶಿಕ್ಷಕ: ಎಲ್ಲರೂ ಹಾಗಿರುವುದಿಲ್ಲ. ಗಾಯವಾಗುತ್ತದೆ, ರಕ್ತ ಬರುತ್ತದೆ. ಬೇರೆ ಮಕ್ಕಳ ತಂದೆತಾಯಿ ಕೇಳಿದರೆ ನಾನು ಏನು ಹೇಳಲಿ?

ಕಲಬುರಗಿ ಹುಡುಗಿ, 21: ಯಾವ ಮಗುವಿನ ರಕ್ತವಾದರೂ ಕೈಗವಸು ಹಾಕಿಯೇ ಒರೆಸಬೇಕು ಸರ್. ಅದಕ್ಕೆ ನಮ್ಮ ರಿಪೋರ್ಟ್ ಯಾಕೆ ಬೇಕು?

ಆಳಂದ ಶಿಕ್ಷಕ: ನೀವು ಚಿಕ್ಕವರು, ಶಾಲೆ ನಡೆಸುವ ಕಷ್ಟ ನಿಮಗೆ ಗೊತ್ತಿಲ್ಲ.

ಕಲಬುರಗಿ ಹುಡುಗಿ, 21: ಗುಳಿಗೆಯನ್ನು ಶೌಚಾಲಯದಲ್ಲಿ ಅಡಗಿ ನುಂಗುವ ಕಷ್ಟ ನಿಮಗೆ ಗೊತ್ತಿದೆಯಾ? ಹಾಸ್ಟೆಲ್‌ನಲ್ಲಿ ರೂಮಿನ ಹುಡುಗಿಯರು ಮಲಗುವವರೆಗೆ ಕಾಯುತ್ತಿದ್ದೆ. ನಿದ್ದೆ ಬಂದು ಎಷ್ಟೋ ದಿನ ತಪ್ಪಿಹೋಗಿದೆ.

ಸೇಡಂ ಅಣ್ಣ: ಶಿಕ್ಷಕರು ಹೇಳಿದ್ದು ಸರಿ ಇದೆ. ಮುಚ್ಚಿಡುವುದು ಯಾಕೆ?

ಶಹಾಪುರ ತಾಯಿ: ನಿಮ್ಮ ಮಗಳಾಗಿದ್ದರೆ ಊರಿಗೆಲ್ಲಾ ಹೇಳುತ್ತಿದ್ದಿರಾ?

ಡಾಕ್ಟರ್: ಸ್ವಲ್ಪ ನಿಲ್ಲಿಸಿ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಅಂತ ಶಾಲೆ ಸೀಟು ನಿರಾಕರಿಸುವಂತಿಲ್ಲ, ಮಗುವನ್ನು ಹೊರಗೆ ಹಾಕುವಂತಿಲ್ಲ, ಪರೀಕ್ಷೆ ಮಾಡಿಸಿ ತನ್ನಿ ಅನ್ನುವಂತಿಲ್ಲ. ಹೇಳುವುದೋ ಬಿಡುವುದೋ ಮನೆಯವರ ನಿರ್ಧಾರ. ನಂಬಿಕೆಯ ಒಬ್ಬ ಶಿಕ್ಷಕಿ ಇದ್ದರೆ ಅವರೊಬ್ಬರಿಗೆ ಹೇಳಿದರೆ ಮಗುವಿಗೆ ಅನುಕೂಲ, ಅಷ್ಟೇ. ಒಟ್ಟಿಗೆ ಉಂಡರೆ, ಮಲಗಿದರೆ, ಆಡಿದರೆ ಇದು ಹರಡುವುದಿಲ್ಲ. ಸರ್, ನೀವು ಆ ನಂಬಿಕೆಯ ಶಿಕ್ಷಕರಾಗಿ. ಆಗ ಮಕ್ಕಳೇ ಬಂದು ಹೇಳುತ್ತಾರೆ.

ಆಳಂದ ಶಿಕ್ಷಕ: ಕಾಯ್ದೆ ಗೊತ್ತಿದೆ ಮೇಡಂ. ನಾನು ಹೇಳಿದ್ದು ಬೇರೆ.

ಜೇವರ್ಗಿ ಅಕ್ಕ: ದುಡಿಯಲು ಪುಣೆಗೆ ಹೋಗುತ್ತಿದ್ದೇವೆ, ಮಗನೂ ಬರುತ್ತಾನೆ. ಗುಳಿಗೆ?

ಡಾಕ್ಟರ್: ಹೋಗುವ ಮೊದಲು ಸೆಂಟರ್‌ಗೆ ಹೇಳಿ. ಹೆಚ್ಚು ತಿಂಗಳಿಗೆ ಕೊಡುತ್ತಾರಾ ಕೇಳಿ, ಇಲ್ಲದಿದ್ದರೆ ಪುಣೆಯ ಸೆಂಟರ್‌ಗೆ ಪತ್ರ ತಗೊಳ್ಳಿ. ಸೆಂಟರ್‌ನ ಚಿಕಿತ್ಸೆ ಪುಸ್ತಕ ಕೈಯಲ್ಲೇ ಇರಲಿ. ದಾರಿ ಗೊತ್ತಾಗದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ.

ಔರಾದ್ ಮಾವ: ಈ ಗುಳಿಗೆಯಿಂದ ಮಕ್ಕಳ ಎತ್ತರ ನಿಲ್ಲುತ್ತದಾ ಮೇಡಂ? ಸೋದರಿಯ ಮಗ ಬಹಳ ಕುಳ್ಳ ಇದ್ದಾನೆ.

ಸುರಪುರ ಅಕ್ಕ: ಮೇಡಂ, ಮಗ ಎರಡು ದಿನ ಗುಳಿಗೆ ತಗೊಂಡಿಲ್ಲ. ಈಗ ಮೂರು ಒಟ್ಟಿಗೆ ಕೊಡಲಾ?

ಡಾಕ್ಟರ್: ಇಲ್ಲ! ಒಂದೇ. ದಯವಿಟ್ಟು ಮೇಲಿನದನ್ನು ಓದಿ ಕೇಳಿ.

ಸುರಪುರ ಅಕ್ಕ: ಓದಲು ಬರುವುದಿಲ್ಲ ಮೇಡಂ, ಪಕ್ಕದ ಮನೆ ಹುಡುಗಿ ಬರೆದು ಕೊಡುತ್ತಿದ್ದಾಳೆ.

ಡಾಕ್ಟರ್: ಆಯ್ತು ಅಕ್ಕ. ಈಗಲೇ ಒಂದು ಕೊಡಿ. ಮುಂದಿನದನ್ನು ದಿನದ ಹೊತ್ತಿಗೇ ಕೊಡಿ. ಎರಡು ದಿನ ಯಾಕೆ ತಪ್ಪಿತು ಅಂತ ಮಗನನ್ನು ಸಮಾಧಾನದಿಂದ ಕೇಳಿ. ಸೆಂಟರ್‌ನವರಿಗೂ ಹೇಳಿ.

ಸೇಡಂ ಅಣ್ಣ: *ಫಾರ್ವರ್ಡ್ ಬಂದದ್ದು* ಎಚ್‌ಐವಿ ಅನ್ನುವುದೇ ಇಲ್ಲ, ಔಷಧಿ ಕಂಪನಿಗಳ ಸಂಚು...

ಕಲಬುರಗಿ ಹುಡುಗಿ, 21: ಅಡ್ಮಿನ್, ಇವರನ್ನು ತೆಗೆಯಿರಿ, ಇಲ್ಲದಿದ್ದರೆ ನಾನು ಹೋಗುತ್ತೇನೆ.

ಡಾಕ್ಟರ್: ಇದನ್ನು ನಂಬಿ ಗುಳಿಗೆ ಬಿಟ್ಟ ಮಕ್ಕಳನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಎಲ್ಲರೂ ಮನೆಗೆ ಹೋಗಲಿಲ್ಲ. ಇದಕ್ಕೆ ಇನ್ನು ನಾನು ಉತ್ತರ ಕೊಡುವುದಿಲ್ಲ.

ಅಡ್ಮಿನ್: ಎರಡೂ ಫಾರ್ವರ್ಡ್ ಅಳಿಸಲಾಗಿದೆ. ಸೇಡಂ ಅಣ್ಣನವರನ್ನು ಗುಂಪಿನಿಂದ ತೆಗೆಯಲಾಗಿದೆ. ಮೇಡಂ ಹೊರಟಿದ್ದಾರೆ. ಕಾಮೆಂಟ್ ಮುಚ್ಚುತ್ತಿದ್ದೇವೆ, ಯಾದಗಿರಿ ಕಾಕಾ ಅವರಿಗೆ ಮಾತ್ರ ನಾಳೆ ಬರೆಯಲು ತೆರೆದಿಡುತ್ತೇವೆ.

ಯಾದಗಿರಿ ಕಾಕಾ: ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ. ಮುತ್ಯಾನೂ ಬರುತ್ತಾನೆ.