ಪದ ಬೇಕು: ‘ಸೈನಸ್ ಕ್ಯಾನ್ಸರ್’ ಎಂದರೆ ಸಾಕೆ?

ಮಾನ್ಯರೇ, ಬಡಗಿಗಳಿಗೂ ಸಾಮಿಲ್ ಕೆಲಸಗಾರರಿಗೂ ಹಂಚುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ವರ್ಷಗಟ್ಟಲೆ ಮರದ ಹುಡಿ ಉಸಿರಾಡುವವರಿಗೆ ಮೂಗು ಮತ್ತು ಸೈನಸ್ ಕ್ಯಾನ್ಸರಿನ ಅಪಾಯ ಹೆಚ್ಚು ಎಂಬುದು ವಿಷಯ. ಸೈನಸ್, ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, ಅಡಿನೋಕಾರ್ಸಿನೋಮಾ, ರೇಡಿಯೋಥೆರಪಿ: ಇವಿಷ್ಟಕ್ಕೆ ಪದ ಬೇಕು. ಸೈನಸ್ಸಿಗೆ ‘ಪರಿನಾಸಿಕ ಕೋಟರ’ ಎಂದು ಬರೆದು ತೋರಿಸಿದೆ, ಯಾರಿಗೂ ಅರ್ಥವಾಗಲಿಲ್ಲ.

ಮರು: ಸಂಸ್ಕೃತ ತುರುಕಿದರೆ ಇನ್ನೇನಾದೀತು? ಸೈನಸ್ಸಿಗೆ ‘ಗಾಳಿಗೂಡು’, ಕ್ಯಾನ್ಸರಿಗೆ ‘ಏಡಿಗಂತಿ’ ಎನ್ನಿ. ಗ್ರೀಕಿನ ‘ಕಾರ್ಕಿನೋಸ್’ ಕೂಡ ಏಡಿಯೇ. ಲ್ಯಾಟಿನ್ನಿನ ‘ಸ್ಕ್ವೇಮಾ’ ಎಂದರೆ ಮೀನಿನ ಹುರುಪೆ, ಆದ್ದರಿಂದ ‘ಹುರುಪೆಕಣದ ಏಡಿಗಂತಿ’. ಕಣ್ಣುಗಳ ನಡುವಿನ ಮೂಳೆಯಾದ ಎತ್‌ಮಾಯ್ಡ್‌ಗೆ ಗ್ರೀಕರು ಜರಡಿಯ ಹೆಸರಿಟ್ಟರು, ನಾವು ಅದರೊಳಗಿನ ಸೈನಸ್ಸಿಗೆ ‘ಜರಡಿಗೂಡು’ ಎನ್ನೋಣ. ಎರವಲು ಬೇಕಿಲ್ಲ.

ಮರು: ಏಡಿಗಂತಿ ಯಾರ ಮನೆಯ ಮಾತು? ಹಳ್ಳಿಯ ಅಜ್ಜಿಯೂ ಕ್ಯಾನ್ಸರ್ ಎನ್ನುತ್ತಾರೆ. ಅದನ್ನು ಮುಟ್ಟಬೇಡಿ.

ಗಾಳಿಗೂಡು ಮಾತ್ರ ಬೇಕೇ ಬೇಕು. ‘ನನಗೆ ಸೈನಸ್ ಇದೆ’ ಎನ್ನುವಾಗ ನಮ್ಮ ಜನ ಹೇಳುವುದು ಕಾಯಿಲೆಯನ್ನು, ಎಲ್ಲರ ಮುಖದ ಮೂಳೆಯೊಳಗೂ ಇರುವ ಪೊಳ್ಳನ್ನಲ್ಲ. ‘ಸೈನಸ್ ಕ್ಯಾನ್ಸರ್’ ಎಂದು ಅಚ್ಚಾದರೆ ಬಿಡದ ನೆಗಡಿಯವರೆಲ್ಲ ಹೆದರುತ್ತಾರೆ, ನೆಗಡಿಯೇ ಇಲ್ಲದ ಬಡಗಿ ಇದು ತನಗಲ್ಲವೆಂದು ಕರಪತ್ರ ಮಡಚಿಡುತ್ತಾನೆ. ‘ಕೆನ್ನೆ, ಹಣೆ, ಕಣ್ಣುಗಳ ನಡುವೆ ಮತ್ತು ಮೂಗಿನ ಹಿಂದೆ ಮೂಳೆಯೊಳಗಿರುವ ಗಾಳಿಗೂಡುಗಳು’ ಎಂದು ಮೊದಲ ಸಾಲಿನಲ್ಲೇ ಬಿಡಿಸಿ ಹೇಳಿ.

ಕ್ಯಾನ್ಸರಿನ ಬಗೆಗಳ ಹೆಸರನ್ನು ಇದ್ದಂತೆಯೇ ಬಿಡಿ. ರೋಗಿಯ ಕೈಯಲ್ಲಿರುವ ಬಯಾಪ್ಸಿ ವರದಿಯಲ್ಲಿ ಇರುವುದು ಅದೇ ಹೆಸರು. ಪಕ್ಕದಲ್ಲಿ ವಿವರ ಕೊಡಿ: ಸ್ಕ್ವೇಮಸ್ ಸೆಲ್, ಒಳಪದರದ ಜೀವಕೋಶಗಳಲ್ಲಿ ಹುಟ್ಟುವುದು, ಹೆಚ್ಚಾಗಿ ಕಾಣುವುದು ಇದೇ; ಅಡಿನೋ ಎಂದರೆ ಗ್ರಂಥಿಯ ಜೀವಕೋಶಗಳದ್ದು, ಮರದ ಹುಡಿಗೆ ಇದರೊಂದಿಗೇ ಗಟ್ಟಿ ನಂಟು. ರೇಡಿಯೋಥೆರಪಿಗೆ ‘ವಿಕಿರಣ ಚಿಕಿತ್ಸೆ’ ರೂಢಿಯಲ್ಲಿದೆ. ‘ಕರೆಂಟ್ ಕೊಡುವುದು’ ಎಂಬ ಮಾತು ಬೇಡ, ಶಾಕ್ ಹೊಡೆಯುತ್ತದೆಂದು ನಡುಗುವವರನ್ನು ಕಂಡಿದ್ದೇನೆ. ಹೆಚ್ಚಿನವರಿಗೆ ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ವಿಕಿರಣ, ಕೆಲವರಿಗೆ ಜೊತೆಗೆ ಕೀಮೋ ಎಂದರೆ ಸಾಕು.

ಪದಕ್ಕಿಂತ ಮುಖ್ಯವಾದ ಸಾಲೊಂದಿದೆ: ‘ಒಂದೇ ಹೊಳ್ಳೆ ಕಟ್ಟಿಕೊಂಡು ಬಿಡದಿದ್ದರೆ, ಅದರಲ್ಲೇ ಮತ್ತೆ ಮತ್ತೆ ರಕ್ತ ಬಂದರೆ, ಕೆನ್ನೆ ಮರಗಟ್ಟಿದರೆ, ಮೇಲಿನ ಹಲ್ಲು ಕಾರಣವಿಲ್ಲದೆ ಅಲುಗಾಡಿದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.’ ‘ಒಂದೇ’ ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

ಮರು: ವರದಿ ಇಂಗ್ಲಿಷಿನಲ್ಲಿದೆ ಎಂದು ಕರಪತ್ರವನ್ನೂ ಅದಕ್ಕೆ ಬಗ್ಗಿಸುವುದೇ? ಕನ್ನಡಿಗನ ರೋಗದ ವರದಿ ಕನ್ನಡದಲ್ಲಿ ಬರಬೇಕು. ಹೀಗೆ ಒಂದೊಂದೇ ಹೆಸರು ಬಿಟ್ಟುಕೊಟ್ಟು ವೈದ್ಯಕೀಯವನ್ನೇ ಬಿಟ್ಟುಕೊಟ್ಟಿದ್ದೇವೆ.

ಮರು: ಬರಬೇಕು, ನಿಜ. ಅದಕ್ಕೆ ಬೇರೆ ಎಳೆ ತೆರೆಯಿರಿ, ನಾನೂ ಬರೆಯುತ್ತೇನೆ. ಇವರದ್ದು ನಾಳೆ ಅಚ್ಚಿಗೆ ಹೋಗಬೇಕು.

ಮರು: ಗಾಳಿಗೂಡು, ವಿಕಿರಣ ಚಿಕಿತ್ಸೆ ಇಟ್ಟುಕೊಂಡೆ. ಜರಡಿಗೂಡನ್ನೂ ಚಿತ್ರದ ಪಕ್ಕ ಬರೆದಿದ್ದೇನೆ, ಕೆಲಸಗಾರರಿಗೆ ಕೂಡಲೇ ಹಿಡಿಸಿತು. ಏಡಿಗಂತಿ ಕೈಬಿಟ್ಟೆ.