ಪದಚರ್ಚೆ: ‘ಪೀರಿಯಡ್ ಡ್ರಾಮಾ’ವನ್ನು ‘ಐತಿಹಾಸಿಕ’ ಎನ್ನಬಹುದೇ?

ಮಾನ್ಯರೇ,

ಬಿಬಿಸಿಯು 1995ರಲ್ಲಿ ಆರು ಕಂತುಗಳಲ್ಲಿ ಪ್ರಸಾರ ಮಾಡಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಿರುಸರಣಿಯನ್ನು ಈಚೆಗೆ ನಾವು ಕೆಲವರು ಒಟ್ಟಿಗೆ ಕುಳಿತು ನೋಡಿದೆವು. ನೋಡಿದವರ ಅಭಿಪ್ರಾಯಗಳನ್ನು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಿಂದಿನ ಕಾಲವೊಂದರಲ್ಲಿ ನಡೆಯುವ ಇಂಥ ಕಥೆಯನ್ನು ಇಂಗ್ಲಿಷಿನಲ್ಲಿ ‘ಪೀರಿಯಡ್ ಡ್ರಾಮಾ’ ಎನ್ನುತ್ತಾರೆ. ಅದಕ್ಕೆ ಕನ್ನಡವಾಗಿ ತಲೆಬರಹದಲ್ಲಿ ‘ಐತಿಹಾಸಿಕ ಕಿರುಸರಣಿ’ ಎಂದಿದ್ದುದನ್ನು ಕಂಡ ಹಿರಿಯರೊಬ್ಬರು, ‘ಇದು ಯಾವ ರಾಜನ ಕಥೆಯಪ್ಪಾ?’ ಎಂದರು. ಕೇಳಿದ್ದು ತಮಾಷೆಗಾದರೂ ಆಕ್ಷೇಪ ಸರಿಯಾದದ್ದೇ.

ಕಂಪನಿ ನಾಟಕಗಳ ಕಾಲದಿಂದಲೂ ನಮ್ಮಲ್ಲಿ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂಬ ವಿಂಗಡಣೆ ರೂಢಿಯಲ್ಲಿದ್ದು, ಸಿನಿಮಾದವರೂ ಅದನ್ನೇ ಮುಂದುವರಿಸಿದರು. ಐತಿಹಾಸಿಕವೆಂದೊಡನೆ ‘ರಣಧೀರ ಕಂಠೀರವ’, ‘ಇಮ್ಮಡಿ ಪುಲಿಕೇಶಿ’ಗಳು ಕಣ್ಣ ಮುಂದೆ ಬರುತ್ತವೆ. ಜೇನ್ ಆಸ್ಟೆನ್ ಅವರ 1813ರ ಕಾದಂಬರಿಯಾದರೋ ಅಂದಿನ ಓದುಗರಿಗೆ ಅಪ್ಪಟ ಸಾಮಾಜಿಕ: ಐವರು ಹೆಣ್ಣುಮಕ್ಕಳ ಮದುವೆಯ ಚಿಂತೆ, ಗಂಡುಮಗನಿಲ್ಲದ್ದರಿಂದ ದೂರದ ಬಂಧುವಿನ ಪಾಲಾಗಲಿರುವ ಆಸ್ತಿ.

‘ಇತಿಹಾಸ’ವನ್ನು ‘ಇತಿ ಹ ಆಸ’, ಅಂದರೆ ‘ಹೀಗೇ ಇತ್ತು’ ಎಂದು ಬಿಡಿಸುತ್ತಾರಷ್ಟೆ. ನಮ್ಮ ಗುಂಪಿನಲ್ಲಿ ‘ಇದು ನಿಜವಾಗಿ ನಡೆದದ್ದೇ?’ ಎಂದು ಕೇಳಿದವರೇ ಇಲ್ಲ. ಅಂಥ ಉಡುಪು ಆಗ ಇತ್ತೇ, ಮದುವೆಯಾಗದ ಹುಡುಗಿಯೊಬ್ಬಳು ಮೂರು ಮೈಲಿ ಕೆಸರು ತುಳಿದುಕೊಂಡು ಒಂಟಿಯಾಗಿ ನಡೆದು ಬಂದರೆ ಉಳ್ಳವರ ಮನೆಯ ಹೆಂಗಸರು ಹಾಗೆ ಮೂಗು ಮುರಿಯುತ್ತಿದ್ದರೇ ಎಂಬುದರ ಸುತ್ತಲೇ ಮಾತೆಲ್ಲ ಸುತ್ತಿತು. ಕಥಾನಾಯಕ ಡಾರ್ಸಿ ಕೊಳಕ್ಕೆ ಧುಮುಕುವ ದೃಶ್ಯವು ಕಾದಂಬರಿಯಲ್ಲಿಲ್ಲವೆಂದು ಇಬ್ಬರು ಮುನಿಸಿಕೊಂಡರು. ಅದು ಕೃತಿನಿಷ್ಠೆಯ ತಕರಾರು, ಚರಿತ್ರೆಯದಲ್ಲ.

‘ಐತಿಹಾಸಿಕ’ದ ಬದಲು ‘ಹಳೆಯ ಕಾಲದ ಸರಣಿ’ ಎಂದರೆ ಹಳೆಯದು ಕಥೆಯೋ ಸರಣಿಯೋ ತಿಳಿಯುವುದಿಲ್ಲ. 1995ರದ್ದೂ ಈಗ ಹಳೆಯದೇ. ‘ಕಾಲಬದ್ಧ’ ಎಂದರೆ ಗಡುವಿನೊಳಗೆ ಮುಗಿಸಬೇಕಾದ ಸರಕಾರಿ ಕಾಮಗಾರಿಯ ನೆನಪಾಗುತ್ತದೆ. ಅಚ್ಚಗನ್ನಡದ ಒಲವಿರುವ ಗೆಳೆಯರು ‘ಹಿಂಗಾಲದ ಕಥೆ’ ಎಂದು ಸೂಚಿಸಿದರು. ಅದು ನನ್ನ ಕಿವಿಗೆ ದನದ ಹಿಂಗಾಲಿನಂತೆ ಕೇಳಿಸಿತು. ‘ಗತಕಾಲದ ಸಾಮಾಜಿಕ ಸರಣಿ’ ಎಂಬುದು ಉದ್ದವಾದರೂ ಅರ್ಥಕ್ಕೆ ಹತ್ತಿರವಿದೆ ಎಂದು ನನಗೆ ತೋರುತ್ತದೆ. ಆದರೆ ‘ಸರಣಿ’ಯನ್ನು ಬಿಟ್ಟು ‘ಗತಕಾಲದ ಸಾಮಾಜಿಕ’ ಎಂದಷ್ಟೇ ಮೊಟಕುಗೊಳಿಸುವಂತಿಲ್ಲ: ಕಾವ್ಯಮೀಮಾಂಸೆಯಲ್ಲಿ ‘ಸಾಮಾಜಿಕ’ನೆಂದರೆ ಪ್ರೇಕ್ಷಕ, ಆಗ ನಾವೇ ಗತಿಸಿದವರಾಗಿಬಿಡುತ್ತೇವೆ!

ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು ಬಗೆಯ ಸರಣಿ. ದೂರದರ್ಶನದಲ್ಲಿ ಬಂದ, ಗೋವಿಂದ ನಿಹಲಾನಿಯವರ ‘ತಮಸ್’ನಲ್ಲಿ ಪಾತ್ರಗಳು ಕಲ್ಪಿತ, ದೇಶವಿಭಜನೆಯ ಹೊತ್ತಿನ ಹಿಂಸೆ ಮಾತ್ರ ನಡೆದದ್ದು. ಅದನ್ನು ತೋರಿಸಬೇಕೇ ಬೇಡವೇ ಎಂಬ ವಿವಾದ 1988ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಪ್ರಸಾರವನ್ನು ತಡೆಯಲು ನ್ಯಾಯಾಲಯ ಒಪ್ಪಲಿಲ್ಲ. ರಾಜನಿಲ್ಲದ ಈ ಕಥೆಗೆ ‘ಐತಿಹಾಸಿಕ’ ಸಲ್ಲುತ್ತದೆಯೇ? ಸಲ್ಲುವುದಾದರೆ ಇದನ್ನೂ ಆಸ್ಟೆನ್ ಕಥೆಯನ್ನೂ ಒಟ್ಟಿಗೆ ಹಿಡಿಯಬಲ್ಲ ಒಂದೇ ಪದವುಂಟೇ, ಅಥವಾ ಎರಡು ಬೇಕೇ? ಹಳೆಯ ನಾಟಕದ ಕರಪತ್ರಗಳಲ್ಲಿ ಇಂಥ ಪ್ರಯೋಗವನ್ನು ಕಂಡವರಿದ್ದರೆ ದಯವಿಟ್ಟು ತಿಳಿಸಿ.