ಪಿ0133 ಕೋಡ್ ಬಂದಿದೆ, ಆಕ್ಸಿಜನ್ ಸೆನ್ಸರ್ ಬದಲಿಸಲೇಬೇಕಾ?

ಪ್ರಶ್ನೆ (ಬಳ್ಳಾರಿ)

ನಮಸ್ಕಾರ. ನನ್ನದು 2014ರ ಪೆಟ್ರೋಲ್ ಕಾರು. ಕೆಲಸಕ್ಕೆ ದಿನಾ ಸಂಡೂರು ಕಡೆ ಓಡಾಟ. ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿದೆ. ಬ್ಲೂಟೂತ್ ಸ್ಕ್ಯಾನರ್ ಹಾಕಿದರೆ ಪಿ0133, ಅಂದರೆ ಮುಂದಿನ ಆಕ್ಸಿಜನ್ ಸೆನ್ಸರ್ (ಎಂಜಿನ್ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವುದು) ನಿಧಾನ ಅಂತ ತೋರಿಸುತ್ತಿದೆ. ಮೈಲೇಜ್ ಇಳಿದಿದೆ, ಗಾಡಿ ನಿಂತಲ್ಲೇ ಸ್ವಲ್ಪ ನಡುಗುತ್ತದೆ. ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ "ಸೆನ್ಸರ್ ಹೋಗಿದೆ, ಹೊಸದು ತರಿಸೋಣ" ಅಂದರು. ಸೆನ್ಸರಿಗೆ ನಾಲ್ಕು ವೈರ್ ಇವೆ. ದುಡ್ಡು ಹಾಕುವ ಮೊದಲು ಮನೆಯಲ್ಲೇ ಏನಾದರೂ ಪರೀಕ್ಷೆ ಮಾಡಬಹುದಾ?

ಉತ್ತರ (ಕೊಪ್ಪಳ)

ಬಿಚ್ಚಿ ಪೆಟ್ರೋಲಿನಲ್ಲಿ ನೆನೆಹಾಕಿ, ಬ್ರಷ್ ಹಾಕಿ ಉಜ್ಜಿ. ಸರಿ ಹೋಗುತ್ತೆ.

ಉತ್ತರ (ರಾಯಚೂರು)

ತಡೀರಿ ಸರ್, ತೊಳೆಯೋದು ಬೇಡ. ಒಳಗಿರೋದು ಸೆರಾಮಿಕ್. ಉಜ್ಜಿದರೆ ಹಾಳಾಗುತ್ತೆ, ವಾಸಿಯಂತೂ ಆಗಲ್ಲ.

ಸೆನ್ಸರಿನ ವೋಲ್ಟೇಜ್ ಏರಿಳಿಯೋದು ನಿಧಾನವಾಗಿದೆ ಅಂತಷ್ಟೇ ಆ ಕೋಡ್ ಹೇಳುತ್ತೆ. ಯಾಕೆ ಅಂತ ಹೇಳಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸುಮಾರು 2500 ಆರ್‌ಪಿಎಂನಲ್ಲಿ ಹಿಡಿದು ಗ್ರಾಫ್ ನೋಡಿ. ನಾಲ್ಕು ವೈರಿನ ಮಾಮೂಲಿ ಸೆನ್ಸರ್ ಆದರೆ 0.1ರಿಂದ 0.9 ವೋಲ್ಟ್ ಮಧ್ಯೆ ಚಕಚಕ ಕುಣಿಯಬೇಕು. ಒಂದು ಮಾತು: ಸ್ಕ್ರೀನ್ ಮೇಲೆ ಈ ಸೆನ್ಸರ್ ಒಂದನ್ನೇ ಇಟ್ಟುಕೊಳ್ಳಿ. ಅಗ್ಗದ ಸ್ಕ್ಯಾನರಿಗೆ ಹತ್ತು ಲೆಕ್ಕ ಒಟ್ಟಿಗೆ ಕೇಳಿದರೆ ಅದೇ ನಿಧಾನವಾಗುತ್ತೆ, ಆಗ ಒಳ್ಳೇ ಸೆನ್ಸರೂ ಸೋಮಾರಿ ಥರ ಕಾಣುತ್ತೆ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಹಿಂದಿನ ಸೆನ್ಸರ್ ನೋಡಿ ಗಾಬರಿ ಬೀಳಬೇಡಿ, ಅದು ಹೆಚ್ಚುಕಮ್ಮಿ ಒಂದೇ ಕಡೆ ನಿಲ್ಲಬೇಕು.

ಆಮೇಲೆ ಒಮ್ಮೆ ಜೋರಾಗಿ ರೇಸ್ ಕೊಟ್ಟು ಬಿಡಿ. ಕೊಟ್ಟಾಗ ತಟ್ಟನೆ 0.8 ದಾಟಬೇಕು, ಬಿಟ್ಟಾಗ ಅಷ್ಟೇ ಬೇಗ 0.2ಕ್ಕಿಂತ ಕೆಳಗೆ ಬರಬೇಕು. ಎರಡೂ ಆದರೆ ಸೆನ್ಸರಿನಲ್ಲಿ ಜೀವ ಇದೆ. ಮೆಲ್ಲಗೆ ತೆವಳಿದರೆ ಅದರ ಮೇಲೇ ಅನುಮಾನ. ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಮಾಮೂಲಿಗಿಂತ ಎಷ್ಟು ಹೆಚ್ಚು ಕಮ್ಮಿ ಕೊಡ್ತಿದೆ ಅನ್ನೋ ಲೆಕ್ಕ, ಎಷ್ಟಿದೆ ಅಂತಲೂ ಬರೆಯಿರಿ.

ಪ್ರಶ್ನೆ ಕೇಳಿದವರು

ರೇಸ್ ಕೊಟ್ಟರೆ ತಕ್ಷಣ 0.85, ಬಿಟ್ಟರೆ ಕೂಡಲೇ 0.1. ಆದರೆ ಐಡಲ್‌ನಲ್ಲಿ ಜಾಸ್ತಿ ಹೊತ್ತು ಕೆಳಗೇ ಬಿದ್ದಿರುತ್ತದೆ, ಅಪರೂಪಕ್ಕೆ ಮೇಲೆ ಬರುತ್ತದೆ. ಲಾಂಗ್ ಟರ್ಮ್ ಟ್ರಿಮ್ ಪ್ಲಸ್ 17 ಪರ್ಸೆಂಟ್.

ಉತ್ತರ (ರಾಯಚೂರು)

ಹಾಗಾದರೆ ಸೆನ್ಸರ್ ತರಿಸಬೇಡಿ. ಎಲ್ಲಿಂದಲೋ ಹೊರಗಿನ ಗಾಳಿ ಸೇರುತ್ತಿರಬೇಕು. ಅದಿರು ಲಾರಿ ಓಡಾಡೋ ರಸ್ತೆಯ ಕುಲುಕಾಟಕ್ಕೆ ಸೈಲೆನ್ಸರ್ ಜಾಯಿಂಟ್ ಸಡಿಲ ಆಗೋದು ಇದ್ದದ್ದೇ. ಸೆನ್ಸರಿಗಿಂತ ಮುಂಚೆ, ಎಂಜಿನಿನಿಂದ ಹೊಗೆ ಹೊರಗೆ ಬರೋ ಮ್ಯಾನಿಫೋಲ್ಡ್ ಪೈಪಿನ ಗ್ಯಾಸ್ಕೆಟ್ ಹತ್ತಿರ ಸಣ್ಣ ಸೀಳಿದ್ದರೂ ಸಾಕು. ಒಂದೊಂದು ಬಡಿತದ ಮಧ್ಯೆ ಗಾಳಿ ಒಳಕ್ಕೆ ಎಳೆಯುತ್ತೆ. ಸೆನ್ಸರ್ ವೋಲ್ಟೇಜ್ ಇಳಿಸಿ "ಪೆಟ್ರೋಲ್ ಸಾಲದು" ಅನ್ನುತ್ತೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತೆ. ನಿಮ್ಮ ಮೈಲೇಜ್ ಹೋಗಿದ್ದು ಅಲ್ಲೇ ಇರಬೇಕು.

ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಟಿಕ್‌ಟಿಕ್ ಸದ್ದು ಕೇಳುತ್ತಾ ನೋಡಿ. ಬಿಸಿಯಾದರೆ ಲೋಹ ಹಿಗ್ಗಿ ಸದ್ದು ಅಡಗುತ್ತೆ. ಸೋರುವ ಕಡೆ ಕಪ್ಪು ಮಸಿ ಕೂತಿರುತ್ತೆ. ಅಲ್ಲಿ ಏನೂ ಸಿಗದಿದ್ದರೆ ಇನ್‌ಟೇಕ್, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳೋ ಕಡೆಯ ವ್ಯಾಕ್ಯೂಮ್ ಪೈಪುಗಳನ್ನು ನೋಡಿ.

ಪ್ರಶ್ನೆ ಕೇಳಿದವರು

ಸಿಕ್ಕಿತು ಸರ್! ಮ್ಯಾನಿಫೋಲ್ಡಿನ ಕೆಳ ಅಂಚಿನಲ್ಲಿ, ಕೆಂಪು ಧೂಳಿನ ಮಧ್ಯೆ ಬೆರಳಗಲದ ಕಪ್ಪು ಗೆರೆ. ಒಂದು ನಟ್ ಕೈಯಲ್ಲೇ ತಿರುಗಿತು. ಬೇರೆ ಮೆಕ್ಯಾನಿಕ್ ಹತ್ತಿರ ಗ್ಯಾಸ್ಕೆಟ್ ಹಾಕಿಸುತ್ತಿದ್ದೇನೆ. ಜೊತೆಗೆ ಪೇಸ್ಟ್ ಹಚ್ಚಿದರೆ ಗಟ್ಟಿ ಅಂತಾರೆ, ಹಚ್ಚಿಸಲಾ?

ಉತ್ತರ (ರಾಯಚೂರು)

ಸಿಲಿಕೋನ್ ಪೇಸ್ಟ್ ಮಾತ್ರ ಬೇಡವೇ ಬೇಡ. ಅದರ ಹೊಗೆ ಸೆನ್ಸರ್ ತುದಿಗೆ ಬಿಳಿ ಪದರ ಕೂರಿಸುತ್ತೆ, ಆಗ ನಿಜವಾಗಿಯೂ ಸೆನ್ಸರ್ ಹೋಗುತ್ತೆ. ಎರಡೂ ಮೈ ಚೆನ್ನಾಗಿ ಕೆರೆದು ಒಣ ಗ್ಯಾಸ್ಕೆಟ್ ಹಾಕಿಸಿ. ಕೋಡ್ ಅಳಿಸಿ ಕೆಲವು ದಿನ ಓಡಿಸಿ. ಟ್ರಿಮ್ ಸೊನ್ನೆ ಹತ್ತಿರ ಬಂತಾ ಅಂತ ತಿಳಿಸಿ.